ಲೆಕ್ಕ ತಪ್ಪಿಲ್ಲ, ಕನ್ನಡಕ ಮಂಕಾಗಿದೆ

ಸೂರ್ಯನ ಮೇಲ್ಮೈಯ ಬೆಳಕಿನ ಏರಿಳಿತ, ಅಂದರೆ ಹೊಳೆಯುವ ಜಾಗಕ್ಕೂ ಕಪ್ಪು ಜಾಗಕ್ಕೂ ಇರುವ ವ್ಯತ್ಯಾಸ, ಸಿಮ್ಯುಲೇಶನ್‌ನಲ್ಲಿ (ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದ ಸೂರ್ಯನಲ್ಲಿ) ಸುಮಾರು 14%, ಸೂರ್ಯನನ್ನು ನೋಡುವ ಹಿನೋಡೆ ಉಪಗ್ರಹದ ಚಿತ್ರದಲ್ಲಿ ಬರೀ 7%. ಹಾಗಾದರೆ ಸಿಮ್ಯುಲೇಶನ್ನೇ ತಪ್ಪಾ ಅಂತ ಕೇಳಿದ್ದೀರಿ. ಇಲ್ಲ.

ನಾನಿರುವುದು ಸಂಡೂರಿನಲ್ಲಿ. ಅದಿರಿನ ಲಾರಿ ಹಿಂದೆ ಹತ್ತು ನಿಮಿಷ ಬೈಕ್ ಓಡಿಸಿದರೆ ಸಾಕು, ಕನ್ನಡಕದ ತುಂಬಾ ಕೆಂಪು ಧೂಳು. ಆಗ ರಸ್ತೆ ಬದಿಯ ಕಪ್ಪು-ಬಿಳಿ ಕಲ್ಲು ನೋಡಿ. ಬಿಳಿ ಮಂಕು, ಕಪ್ಪು ಬೂದು. ಕಲ್ಲಿನ ಬಣ್ಣವೇನೂ ಬದಲಾಗಿಲ್ಲ, ಅಲ್ವಾ? ಟೆಲಿಸ್ಕೋಪ್ ಕಥೆಯೂ ಇದೇ.

ಸೂರ್ಯನ ಮೇಲೆ ಬಿಸಿ ಅನಿಲ ಎಸರು ಕುದಿದ ಹಾಗೆ ಮೇಲೇಳುತ್ತದೆ, ತಣ್ಣಗಾಗಿ ಅಂಚಿನ ಕಪ್ಪು ಗೆರೆಗಳಲ್ಲಿ ಇಳಿಯುತ್ತದೆ. ಹೀಗೆ ಮೇಲೇಳುವ ಒಂದೊಂದು ಗುಳ್ಳೆ ಸುಮಾರು 1000 ಕಿ.ಮೀ. ಅಗಲ, ಗೆರೆಗಳು ಇನ್ನೂ ಸಣ್ಣವು. ಹಿನೋಡೆಯ ಟೆಲಿಸ್ಕೋಪ್ 50 ಸೆಂ.ಮೀ.ದು. ಅದು ಬಾಹ್ಯಾಕಾಶದಲ್ಲಿದೆ, ಗಾಳಿಯ ಕಾಟವಿಲ್ಲ, ನಿಜ. ಆದರೂ ಎದುರಿಗಿರುವ ಚಿಕ್ಕ ಕನ್ನಡಿ, ಅದನ್ನು ಹಿಡಿದ ಕಡ್ಡಿಗಳು, ಚೂರು ಫೋಕಸ್ ದೋಷ, ಎಲ್ಲ ಸೇರಿ ಬೆಳಕನ್ನು ಕಪ್ಪು ಗೆರೆಗಳೊಳಗೆ ಚೆಲ್ಲುತ್ತವೆ.

2008ರಲ್ಲಿ ವಿಜ್ಞಾನಿಗಳು ಸಿಮ್ಯುಲೇಶನ್ ಚಿತ್ರವನ್ನೇ ಇದೇ ಲೆಕ್ಕದಲ್ಲಿ ಮಸುಕು ಮಾಡಿ ನೋಡಿದರು. 14.4% ಇದ್ದದ್ದು 7.5%ಕ್ಕೆ ಇಳಿಯಿತು! ಇದು 630 ನ್ಯಾನೋಮೀಟರ್ ಕೆಂಪು ಬೆಳಕಿನ ಮಾತು. ನೀಲಿಯಲ್ಲಿ ಏರಿಳಿತವೇ ಜಾಸ್ತಿ, ಸುಮ್ನೆ ಎರಡನ್ನೂ ಬೆರೆಸಿ ಹೋಲಿಸಬೇಡಿ.