ಅಣ್ಣ ಮತ್ತೆ ಆಸ್ಪತ್ರೆಗೆ, ದಾನಿ ತಮ್ಮನಿಗೆ ಅಳುಕು

ವಿಜಯಪುರ ಜಿಲ್ಲೆಯ ಈ ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಲವತ್ತು ದಾಟಿದ ಅಣ್ಣ ದ್ರಾಕ್ಷಿ ಬೆಳೆಗಾರರು. ರಕ್ತದ ಕ್ಯಾನ್ಸರಿಗಾಗಿ ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ (ರಕ್ತವನ್ನು ಹುಟ್ಟಿಸುವ ಮೂಲಕೋಶ) ಕಸಿ ಮಾಡಿಸಿಕೊಂಡಿದ್ದರು, ಕೋಶಗಳನ್ನು ಕೊಟ್ಟವರು ತಮ್ಮ. ಒಡಹುಟ್ಟಿದ ಒಬ್ಬೊಬ್ಬರಲ್ಲೂ ಪೂರ್ಣ ಹೊಂದಾಣಿಕೆಯ ಸಾಧ್ಯತೆ ಶೇ. 25 ಮಾತ್ರ. ಜಮೀನಿನ ವಾಟ್ನಿ (ಪಾಲು), ಕೊಳವೆಬಾವಿಯ ನೀರಿನ ಪಾಳಿ ಎಂದು ಮಾತು ಬಿಟ್ಟಿದ್ದ ಇವರಿಬ್ಬರ ನಡುವೆ ಅದು ಹೊಂದಿಕೊಂಡಾಗ ಮನೆಯವರೆಲ್ಲ ಅದನ್ನು ರಾಜಿಯೆಂದೇ ತಿಳಿದರು.

ಕಸಿಯಾದ ನೂರನೆಯ ದಿನದ ತಪಾಸಣೆ ಮುಗಿಸಿ ಅಣ್ಣ ಊರಿಗೆ ಬಂದಿದ್ದರು. ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಸೈಕ್ಲೋಸ್ಪೊರಿನ್ ಗುಳಿಗೆಯನ್ನು ವೈದ್ಯರು ಹಂತಹಂತವಾಗಿ ಇಳಿಸುತ್ತಿದ್ದಾಗ, ಐದನೆಯ ತಿಂಗಳಲ್ಲಿ, ನೀರಿನಂಥ ಭೇದಿ ಶುರುವಾಯಿತು. ಎರಡು ದಿನ ಓಆರ್‌ಎಸ್ ಮತ್ತು ಔಷಧಿ ಅಂಗಡಿಯ ಗುಳಿಗೆಯಲ್ಲೇ ಕಳೆದವು. ಆಮೇಲೆ ಫೋನ್ ಮಾಡಿದರೆ ಕಸಿ ವಿಭಾಗದವರು ಕೂಡಲೇ ಹೊರಟು ಬರಲು ಹೇಳಿದರು. ಮಲ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿದಾಗ ಜಿವಿಎಚ್‌ಡಿ ಎಂದು ಖಚಿತವಾಯಿತು. ದಾನಿಯಿಂದ ಬಂದ ರೋಗನಿರೋಧಕ ಕೋಶಗಳು ರೋಗಿಯ ಚರ್ಮ, ಕರುಳು ಅಥವಾ ಯಕೃತ್ತನ್ನು ಪರಕೀಯವೆಂದು ಭಾವಿಸಿ ದಾಳಿ ಮಾಡುವ ತೊಂದರೆ ಇದು. ವೈದ್ಯರು ಹೇಳಿದ್ದು ನಿಜವೇ ಆಗಿತ್ತು, ಆದರೆ ಅದನ್ನು ಕೇಳಿಸಿಕೊಂಡ ಮನೆ ಯಾವುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಅಣ್ಣನ ಹೆಂಡತಿ ಅಂದು ರಾತ್ರಿ ಅತ್ತೆಗೆ ಫೋನಿನಲ್ಲಿ ಹೇಳಿದ ಮಾತು ಬೆಳಗಾಗುವಷ್ಟರಲ್ಲಿ "ತಮ್ಮನ ರಕ್ತ ಅಣ್ಣನನ್ನು ತಿನ್ನುತ್ತಿದೆ" ಎಂಬ ರೂಪ ಪಡೆದಿತ್ತು.

ಸಲಹೆ ಕೇಳಿ ನನ್ನ ಬಳಿ ಬಂದವರು ತಮ್ಮ. ಮಾತಾಡುವಷ್ಟು ಹೊತ್ತೂ, ಗುರುತು ಮಾಸಿ ತಿಂಗಳುಗಳಾಗಿದ್ದರೂ, ಮೊಣಕೈಯ ಒಳಬದಿಯಲ್ಲಿ ಸೂಜಿ ಚುಚ್ಚಿದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. "ನನ್ನ ಮನಸಿನ್ಯಾಗ ಇದ್ದ ಸಿಟ್ಟs ಅಣ್ಣಗ ಹೋತೇನ್ರಿ?" ಎಂದು ಕೇಳಿದರು.

ಮೊದಲು ನೇರ ಉತ್ತರ ಕೊಟ್ಟೆ, ಏಕೆಂದರೆ ಇಂಥ ಪ್ರಶ್ನೆಗೆ ಸಮಾಧಾನದ ಮಾತು ಸಾಲದು. ಹೊಂದಾಣಿಕೆಯನ್ನು ನಿರ್ಧರಿಸುವ ಎಚ್‌ಎಲ್‌ಎ ಗುರುತುಗಳು ತಂದೆತಾಯಿಯಿಂದ ಬಂದವು. ಅವಕ್ಕೂ ಸಿಟ್ಟಿಗೂ ಪ್ರೀತಿಗೂ ಸಂಬಂಧವಿಲ್ಲ, ಮತ್ತು ಪೂರ್ಣ ಹೊಂದಿದ ಒಡಹುಟ್ಟಿದವರ ನಡುವೆಯೂ ಈ ತೊಂದರೆ ಬರುತ್ತದೆ. ಹೊರಗಿನದನ್ನು ಗುರುತಿಸಿ ಎದುರಿಸುವ ಅದೇ ಕೋಶಗಳು ದೇಹದಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನೂ ಹುಡುಕಿ ಕೊಲ್ಲಬಲ್ಲವು. ದಾನಿಯ ಕೋಶಗಳಿಂದ ಕಸಿ ಮಾಡುವುದಕ್ಕೆ ಅದೂ ಒಂದು ಕಾರಣ. ಈ ಸಂಗತಿಯನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರ ಬಾಯಿಂದಲೇ, ವೈನಿಯವರನ್ನು (ಅಣ್ಣನ ಹೆಂಡತಿಯನ್ನು) ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕೆಂದು ಅವರಿಗೆ ಸೂಚಿಸಿದೆ. ಊರಿನವರಿಗೆ ಉತ್ತರ ಕೊಡುತ್ತ ಕೂರುವುದು ಬೇಡವೆಂದೆ.

ಅಣ್ಣನ ಹೆಂಡತಿಯೊಂದಿಗೆ ಫೋನಿನಲ್ಲಿ ಮಾತಾಡಿದೆ. ಮಾತಾಡಿಸಿಕೊಂಡು ಹೋಗಲು ಬರುವ ಬಂಧುಗಳನ್ನು ತಡೆಯುವುದು ನಮ್ಮ ಕಡೆ ಮರ್ಯಾದೆಯಲ್ಲವೆಂದು ಅವರು ಅಳುಕಿದರು. ಜಿವಿಎಚ್‌ಡಿಗೆ ಕೊಡುವ ಸ್ಟೆರಾಯ್ಡ್ ನಡೆಯುವಾಗ ಸೋಂಕಿನ ಅಪಾಯ ಇನ್ನೂ ಹೆಚ್ಚು, ಆದ್ದರಿಂದ "ಡಾಕ್ಟರು ಬಿಡುತ್ತಿಲ್ಲ" ಎಂದು ಹೇಳಿ ನಿಷ್ಠುರವನ್ನು ವೈದ್ಯರ ಮೇಲೆ ಹಾಕಿರೆಂದೆ. ಮುಂದೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಭೇದಿಯಾದರೆ, ಮೈಮೇಲೆ ಕೆಂಪು ಗುಳ್ಳೆ ಎದ್ದರೆ ಅಂಗಡಿಯ ಗುಳಿಗೆಗೆ ಮೊದಲು ಕಸಿ ವಿಭಾಗಕ್ಕೆ ಫೋನ್ ಹೋಗಬೇಕು. ನೂರು ದಿನ ತಪಾಸಣೆಯ ಒಂದು ಘಟ್ಟವೇ ಹೊರತು ಗಂಡಾಂತರ ಕಳೆಯುವ ಮುಹೂರ್ತವಲ್ಲ ಎಂಬುದನ್ನು ಇಂಥ ಕುಟುಂಬಗಳಿಗೆ ಮನೆಗೆ ಕಳಿಸುವ ದಿನವೇ ಯಾರಾದರೂ ಬಿಡಿಸಿ ಹೇಳಬೇಕಿತ್ತೆಂದು ನನಗೆ ಅನ್ನಿಸುತ್ತದೆ.

ಅಣ್ಣನ ಭೇದಿ ಹತೋಟಿಗೆ ಬರುತ್ತಿದೆ, ಗಂಜಿ ಒಗ್ಗುತ್ತಿದೆ. ಆದರೆ ನಿದ್ದೆಯಿಲ್ಲ, ಮಾತುಮಾತಿಗೆ ಸಿಡುಕು. ಹೆಚ್ಚಿನ ಪ್ರಮಾಣದ ಸ್ಟೆರಾಯ್ಡಿನಿಂದ ಇದು ಆಗಬಹುದು, ವೈದ್ಯರಿಗೆ ತಿಳಿಸಿರೆಂದು ಮನೆಯವರಿಗೆ ಹೇಳಿದೆ. ಈ ನಡುವೆ ತಮ್ಮ, ಪ್ರಾಯಶ್ಚಿತ್ತವೆಂಬಂತೆ, ತನ್ನ ಪಾಲಿನ ಎರಡು ಎಕರೆಯನ್ನು ಅಣ್ಣನ ಹೆಸರಿಗೆ ಬರೆದುಕೊಡಲು ಉತಾರ (ಪಹಣಿ) ತೆಗೆಸಿದ್ದಾರೆ. ಅಣ್ಣನ ಸ್ಟೆರಾಯ್ಡ್ ಇಳಿದು, ಇಬ್ಬರೂ ಎದುರುಬದುರು ಕುಳಿತು ಮಾತಾಡುವವರೆಗೆ ಯಾವ ಕಾಗದಕ್ಕೂ ಸಹಿ ಮಾಡಬಾರದೆಂದು ಸಲಹೆ ಕೊಟ್ಟಿದ್ದೇನೆ. ಸದ್ಯಕ್ಕೆ ಆ ಉತಾರ ಅವರ ಅವ್ವನ ಟ್ರಂಕಿನಲ್ಲಿದೆ.