ಖಾಲಿ ಗೋಡೆಯೂ ಒಂದು ಛತ್ರಿಯೂ

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಸ್ವಲ್ಪ ಬೆವರಿದೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ನಡೆಯುವ ನಮ್ಮ ಮಕ್ಕಳ ಪತ್ತೇದಾರಿ ಧಾರಾವಾಹಿಯ ಮೂರನೇ ಅಧ್ಯಾಯದ ಬಗ್ಗೆ ನಿಮ್ಮ ತಕರಾರು ಇದು: "ಚಿತ್ರ ಕಳುವಾಗಿ ಒಂದು ದಿನ ಕಳೆದರೂ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲವಂತೆ. ನನ್ನ ಒಂಬತ್ತು ವರ್ಷದ ಮಗಳೇ ನಂಬಲಿಲ್ಲ. ಮಕ್ಕಳ ಕಥೆ ಅಂದ್ರೆ ಏನು ಬರೆದರೂ ನಡೆಯುತ್ತಾ?"

ನಡೆಯೋದಿಲ್ಲ. ಆದರೆ ಆ ಭಾಗ ಲೇಖಕರು ಕಟ್ಟಿದ್ದಲ್ಲ. 1911ರ ಆಗಸ್ಟ್ 21, ಸೋಮವಾರ. ಆಗ ಲೂವ್ರ್‌ಗೆ ಸೋಮವಾರ ರಜೆ. ಅಲ್ಲಿ ಹಿಂದೆ ಕೆಲಸ ಮಾಡಿದ್ದ ವಿನ್ಚೆಂಜೊ ಪೆರುಜ್ಜಾ ಎಂಬ ಇಟಲಿಯವನು ಮೊನಾಲಿಸಾ ಚಿತ್ರವನ್ನು ಗೋಡೆಯಿಂದ ಇಳಿಸಿ ಹೊತ್ತೊಯ್ದ. ಗೋಡೆಯಲ್ಲಿ ಉಳಿದದ್ದು ನಾಲ್ಕು ಕಬ್ಬಿಣದ ಕೊಕ್ಕೆಗಳು. ಕಾವಲುಗಾರರು ಅದನ್ನು ನೋಡಲಿಲ್ಲ ಅಂತಲ್ಲ. ಫೋಟೋ ತೆಗೆಯೋಕೆ ಒಯ್ದಿರಬೇಕು ಅಂದುಕೊಂಡು ಸುಮ್ಮನಾದರು, ಅಷ್ಟೇ. ಮ್ಯೂಸಿಯಂನಲ್ಲಿ ಅದು ಮಾಮೂಲಿ ಸಂಗತಿಯಾಗಿತ್ತು.

ಮಂಗಳವಾರ ಬೆಳಿಗ್ಗೆ ಲೂಯಿ ಬೆರೂ ಎಂಬ ಕಲಾವಿದ ಅಲ್ಲಿ ಕೂತು ಚಿತ್ರ ಬರೆಯಲು ಬಂದ. ಚಿತ್ರ ಎಲ್ಲಿ ಅಂತ ಕೇಳಿದ. ಫೋಟೋದವರ ಹತ್ತಿರ ಇದೆ ಅಂದರು. ಆತ ಕಾದ, ಮತ್ತೆ ಕೇಳಿದ. ಆಗಲೇ ಎಲ್ಲರೂ ಓಡಾಡಿದ್ದು. ನೋಡಿ, ಇಡೀ ಪತ್ತೇದಾರಿಕೆ ಶುರುವಾದದ್ದು ಎರಡನೇ ಸಲ ಕೇಳಿದ್ದರಿಂದ. ದೊಡ್ಡವರು ಒಂದು ಉತ್ತರ ಸಿಕ್ಕರೆ ಮುಂದೆ ಹೋಗುತ್ತೇವೆ. ಒಂಬತ್ತು ವರ್ಷದವರು ಹೋಗುತ್ತಾರಾ? ನಿಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ, ನಿಮಗೇ ಗೊತ್ತು. ಪೊಲೀಸರಿಗೆ ಆಗದ್ದು ಮಕ್ಕಳಿಗೆ ಹೇಗೆ ಆಯಿತು ಅನ್ನೋ ನಿಮ್ಮ ಇನ್ನೊಂದು ಪ್ರಶ್ನೆಗೂ ನನ್ನ ಉತ್ತರ ಇದೇ.

ಅಂದಹಾಗೆ ಪೊಲೀಸರ ಕಥೆ ಇನ್ನೂ ತಮಾಷೆ. ಕಳ್ಳ ಬಿಟ್ಟುಹೋದ ಗಾಜಿನ ಮೇಲೆ ಹೆಬ್ಬೆರಳಿನ ಗುರುತಿತ್ತು. ಪೆರುಜ್ಜಾನ ಮನೆಗೇ ಹೋಗಿ ವಿಚಾರಿಸಿದರು. ಆದರೂ ಸಿಕ್ಕಿಬೀಳಲಿಲ್ಲ. ಎರಡು ವರ್ಷ ಚಿತ್ರ ಅವನ ಹತ್ತಿರವೇ ಇತ್ತು. 1913ರ ಡಿಸೆಂಬರ್‌ನಲ್ಲಿ ಫ್ಲಾರೆನ್ಸ್‌ನ ಕಲಾವ್ಯಾಪಾರಿಯೊಬ್ಬರಿಗೆ ತೋರಿಸಲು ಹೋಗಿ ತಾನಾಗಿ ಸಿಕ್ಕಿಬಿದ್ದ. ಅಷ್ಟರಲ್ಲಿ ಜನ ಆ ಖಾಲಿ ಗೋಡೆಯನ್ನೇ ನೋಡಲು ಸಾಲು ನಿಂತಿದ್ದರು! ಇದನ್ನು ಕಥೆಯಲ್ಲಿ ಬರೆದಿದ್ದರೆ ನಾನೇ ಹೊಡೆದುಹಾಕುತ್ತಿದ್ದೆ.

ಈಗ ಬೆವರಿದ ವಿಷಯ. ನೀವು ಹಿಡಿದದ್ದು ತಪ್ಪಲ್ಲ, ಆದರೆ ಅದರ ಪಕ್ಕದಲ್ಲೇ ಇದ್ದ ನಿಜವಾದ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಅದೇ ಅಧ್ಯಾಯದಲ್ಲಿ ನಮ್ಮ ಕಳ್ಳ ಮೊನಾಲಿಸಾವನ್ನು ಸುರುಳಿ ಸುತ್ತಿ ಛತ್ರಿಯೊಳಗೆ ಇಟ್ಟುಕೊಂಡು ಹೋಗುತ್ತಾನೆ. ಆ ಚಿತ್ರ ಇರುವುದು ಬಟ್ಟೆಯ ಮೇಲಲ್ಲ, ಪಾಪ್ಲರ್ ಮರದ ಹಲಗೆಯ ಮೇಲೆ. ಸುತ್ತಲು ಹೋದರೆ ಮುರಿಯುತ್ತೆ. ಲೇಖಕರೂ ನೋಡಲಿಲ್ಲ, ಮೂರು ಸಲ ಓದಿದ ನಾನೂ ನೋಡಲಿಲ್ಲ. ಫೋಟೋಗೆ ಒಯ್ದಿರಬೇಕು ಅಂದುಕೊಂಡವರ ಸಾಲಿಗೆ ನಮ್ಮನ್ನೂ ಸೇರಿಸಿಬಿಡಿ.

ಪುಸ್ತಕವಾಗಿ ಬರುವಾಗ ಛತ್ರಿ ಇರೋದಿಲ್ಲ. ಬದಲಿಗೆ ಏನು ಅಂತ ಇನ್ನೂ ಹೊಳೆದಿಲ್ಲ. ಮಗಳನ್ನು ಕೇಳಿ ಬರೆಯಿರಿ. ಹಲಗೆ 77 ಸೆಂಟಿಮೀಟರ್ ಉದ್ದ, 53 ಸೆಂಟಿಮೀಟರ್ ಅಗಲ. ಬಗ್ಗೋದಿಲ್ಲ.

— ಸಂಪಾದಕ