ಡುಬ್ಬದ ವಿಮಾನ ಎಲ್ಲಿ ಹೋಯಿತು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಜಂಬೋ ಜೆಟ್ ಬಗ್ಗೆ ಎರಡೇ ಸಾಲು ಬರೆದು ಮುಗಿಸಿದ್ದೀರಿ. ಚಿಕ್ಕವನಿದ್ದಾಗ ಅದರ ಚಿತ್ರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡವನು ನಾನು, ಬೇಜಾರಾಯಿತು. ಅದು ಸೋತುಹೋದ ಮಿಲಿಟರಿ ವಿಮಾನಕ್ಕೆ ಸೀಟು ಹಾಕಿ ಮಾಡಿದ್ದು ಅಂತ ಓದಿದ್ದೇನೆ, ನಿಜವೇ? ತಲೆಯ ಮೇಲೆ ಆ ಡುಬ್ಬ ಯಾಕೆ? ಈಗ ಅಷ್ಟು ದೊಡ್ಡದನ್ನು ಯಾರೂ ಕಟ್ಟುತ್ತಿಲ್ಲ ಅಂದರೆ, ಆವತ್ತು ಕಟ್ಟಿದ್ದೇ ತಪ್ಪೇ?"

ಸಂಪಾದಕರ ಉತ್ತರ:

ಎರಡು ಸಾಲಲ್ಲಿ ಮುಗಿಸಿದ್ದು ನಮ್ಮದೇ ತಪ್ಪು. ಜಾಗ ಇರಲಿಲ್ಲ ಅಂತ ಸಬೂಬು ಹೇಳಬಹುದು. ಆದರೆ ಅದೇ ಪುಟದಲ್ಲಿ ಪದಬಂಧಕ್ಕೆ ಜಾಗ ಇತ್ತಲ್ಲ! ಈ ಸಲ ಉದ್ದವಾಗಿಯೇ ಬರೆಯುತ್ತೇನೆ.

ಮಿಲಿಟರಿ ಕಥೆ ಅರ್ಧ ನಿಜ. 1965ರಲ್ಲಿ ಅಮೆರಿಕದ ವಾಯುಪಡೆಗೆ ಭಾರಿ ಸರಕು ವಿಮಾನವೊಂದು ಬೇಕಿತ್ತು. ಅದನ್ನು ಕಟ್ಟುವ ಪೈಪೋಟಿಯಲ್ಲಿ ಬೋಯಿಂಗ್ ಕಂಪನಿ ಸೋತಿತು, ಲಾಕ್‌ಹೀಡ್ ಗೆದ್ದಿತು. ಹಾಗಂತ ಸೋತ ನಕ್ಷೆಯನ್ನೇ ತಂದು ಸೀಟು ಹಾಕಿದ್ದಲ್ಲ. ಲಾಕ್‌ಹೀಡ್ ಕಟ್ಟಿದ ಸಿ-5 ವಿಮಾನಕ್ಕೆ ರೆಕ್ಕೆ ಮೇಲಿದೆ, ನಿಮ್ಮ ಜಂಬೋ ಜೆಟ್‌ಗೆ, ಅಂದರೆ ಬೋಯಿಂಗ್ 747ಕ್ಕೆ, ಕೆಳಗಿದೆ. ಜೋ ಸಟರ್ ಎಂಬ ಎಂಜಿನಿಯರ್‌ನ ತಂಡ 747ನ್ನು ಹೊಸದಾಗಿಯೇ ರೂಪಿಸಿತು. ಆ ಪೈಪೋಟಿಯಿಂದ ನಿಜವಾಗಿ ಉಳಿದದ್ದು ಹೊಸ ಬಗೆಯ ಎಂಜಿನ್. ಅದರ ಮಾತು ಆಮೇಲೆ. ನನ್ನ ಪ್ರಕಾರ ಇಡೀ ಕಥೆಯ ನಾಯಕ ಅದೇ, ಖಳನಾಯಕನೂ ಅದೇ.

ಈಗ ಡುಬ್ಬ. ಪ್ಯಾನ್ ಆಮ್ ಎಂಬ ಅಮೆರಿಕದ ವಿಮಾನಯಾನ ಕಂಪನಿಯ ಯಜಮಾನ ಹ್ವಾನ್ ಟ್ರಿಪ್‌ಗೆ ಮೊದಲು ಬೇಕಿದ್ದದ್ದು ಡಬಲ್ ಡೆಕ್ಕರ್. ಒಂದರ ಮೇಲೊಂದು ಎರಡು ಪೂರ್ತಿ ಅಂತಸ್ತು. ಸಟರ್‌ಗೆ ಅದು ಹಿಡಿಸಲಿಲ್ಲ. ಅಪಘಾತವಾದರೆ ಮೇಲಂತಸ್ತಿನ ಅಷ್ಟು ಜನರನ್ನು ಬೇಗ ಇಳಿಸುವುದು ಹೇಗೆ? ಎತ್ತರ ಮಾಡುವ ಬದಲು ಅಗಲ ಮಾಡೋಣ ಅಂದರು. ಒಳಗೆ ಸುಮಾರು 20 ಅಡಿ ಅಗಲ, ನಡುವೆ ಓಡಾಡಲು ಒಂದಲ್ಲ, ಎರಡು ದಾರಿ. ಇವತ್ತು ದೂರದ ವಿಮಾನ ಹತ್ತಿದವರಿಗೆ ಇದು ಮಾಮೂಲು. ಆವತ್ತು ವಿಮಾನ ಅಂದರೆ ಉದ್ದನೆಯ ಕೊಳವೆ, ನಡುವೆ ಒಂದೇ ಓಣಿ.

ಇನ್ನೊಂದು ಲೆಕ್ಕಾಚಾರವೂ ಇತ್ತು. ಇನ್ನು ಕೆಲವೇ ವರ್ಷಗಳಲ್ಲಿ ಜನರೆಲ್ಲ ಶಬ್ದಕ್ಕಿಂತ ವೇಗದ ವಿಮಾನಗಳಲ್ಲೇ ಓಡಾಡುತ್ತಾರೆ ಅಂತ ಆಗ ಎಲ್ಲರೂ ನಂಬಿದ್ದರು. ಹಾಗಾದರೆ ಈ ದೈತ್ಯಕ್ಕೆ ಮುಂದೇನು ಕೆಲಸ? ಸರಕು ಹೊರುವುದು. ಸರಕು ತುಂಬಲು ಮೂತಿಯೇ ಬಾಗಿಲಿನಂತೆ ಮೇಲಕ್ಕೆ ತೆರೆದುಕೊಳ್ಳಬೇಕು. ಮೂತಿಯೊಳಗೆ ಪೈಲಟ್ ಕೂತಿದ್ದರೆ ಆದೀತೇ? ಹಾಗಾಗಿ ಅವರನ್ನು ಮಹಡಿಗೆ ಹತ್ತಿಸಿದರು. ಕಾಕ್‌ಪಿಟ್ ಹಿಂದೆ ಗಾಳಿ ನಯವಾಗಿ ಜಾರಲಿ ಅಂತ ಇಳಿಜಾರು ಕೊಟ್ಟರು. ಅದೇ ನಿಮ್ಮ ಡುಬ್ಬ. ಒಳಗೆ ಸ್ವಲ್ಪ ಖಾಲಿ ಜಾಗ ಉಳಿಯಿತು. ಅಲ್ಲಿ ಪ್ರಯಾಣಿಕರು ಕೂರಲಿ ಅಂದವರು ಟ್ರಿಪ್. ಸುರುಳಿ ಮೆಟ್ಟಿಲು ಹತ್ತಿ ಹೋಗುವ ಲೌಂಜ್ ಹುಟ್ಟಿದ್ದು ಹೀಗೆ. ಅಂದರೆ ಜಗತ್ತೆಲ್ಲ ಶೋಕಿ ಅಂದುಕೊಂಡ ಡುಬ್ಬ ನಿಜಕ್ಕೂ ಮೂಟೆ ಹೊರಲು ಮಾಡಿಟ್ಟ ಏರ್ಪಾಡು.

1966ರ ಏಪ್ರಿಲ್‌ನಲ್ಲಿ ಪ್ಯಾನ್ ಆಮ್ 25 ವಿಮಾನಗಳಿಗೆ ಆರ್ಡರ್ ಕೊಟ್ಟಿತು, 52.5 ಕೋಟಿ ಡಾಲರ್‌ಗೆ. ಆಗ ವಿಮಾನ ಇದ್ದದ್ದು ಕಾಗದದ ಮೇಲೆ ಮಾತ್ರ. ಕಟ್ಟಲು ಕಾರ್ಖಾನೆಯೂ ಇರಲಿಲ್ಲ. ಎವರೆಟ್ ಎಂಬಲ್ಲಿ ಕಾಡು ಕಡಿದು ಕಾರ್ಖಾನೆ ಎಬ್ಬಿಸುತ್ತಲೇ ಒಳಗೆ ವಿಮಾನ ಜೋಡಿಸಿದರು. ಮನೆ ಕಟ್ಟುತ್ತಲೇ ಮದುವೆ ಊಟ ಹಾಕಿದ ಹಾಗೆ.

ಅಷ್ಟು ಎತ್ತರದಲ್ಲಿ ಕೂತು ನೆಲದ ಮೇಲೆ ವಿಮಾನ ತಿರುಗಿಸಿ ಯಾರಿಗೂ ಅಭ್ಯಾಸವಿರಲಿಲ್ಲ. ಅದಕ್ಕೊಂದು ತಮಾಷೆಯ ಗಾಡಿ ಮಾಡಿದರು. ಮೂರು ಮಹಡಿ ಎತ್ತರಕ್ಕೆ ಕಂಬಗಳ ಮೇಲೆ ನಕಲಿ ಕಾಕ್‌ಪಿಟ್, ಕೆಳಗೆ ಅದನ್ನು ಎಳೆಯಲು ಟ್ರಕ್ಕು. ಪೈಲಟ್ ಮೇಲೆ ಕೂತು ಅಂದಾಜು ಕಲಿಯಬೇಕು. ಮೊದಲ ಹಾರಾಟದ ಪೈಲಟ್ ಜ್ಯಾಕ್ ವಾಡೆಲ್ ಹೆಸರಲ್ಲಿ ಅದನ್ನು 'ವಾಡೆಲ್ಸ್ ವ್ಯಾಗನ್' ಅಂತ ಕರೆದರು. ಅವರು ನಿಜವಾದ ವಿಮಾನ ಹಾರಿಸಿದ್ದು 1969ರ ಫೆಬ್ರುವರಿ 9ರಂದು. ಸರಿಯಾಗಿ ಮೂರು ವಾರಕ್ಕೆ, ಮಾರ್ಚ್ 2ರಂದು, ಶಬ್ದಕ್ಕಿಂತ ವೇಗದ ವಿಮಾನ ಕಾಂಕಾರ್ಡ್ ಮೊದಲ ಸಲ ಹಾರಿತು. ಇದನ್ನು ಮೂಲೆಗೆ ತಳ್ಳಬೇಕಿದ್ದ ಜಾತಿಯ ವಿಮಾನ ಅದು!

ಆದರೆ ನಿಜವಾದ ಕಾಟ ಕೊಟ್ಟದ್ದು ಎಂಜಿನ್. ಹಳೆಯ ಜೆಟ್ ಎಂಜಿನ್ ನುಂಗಿದ ಗಾಳಿಯಲ್ಲಿ ಜಾಸ್ತಿ ಪಾಲನ್ನು ಉರಿಯುವ ಭಾಗಕ್ಕೇ ಕಳಿಸುತ್ತಿತ್ತು. ಪ್ರಾಟ್ ಅಂಡ್ ವಿಟ್ನಿಯ ಈ ಹೊಸ ಎಂಜಿನ್ನಿನ ಮುಂದೆ ಆಳಿಗಿಂತ ಎತ್ತರದ ಫ್ಯಾನ್ ಇತ್ತು. ಅದು ಎಳೆದ ಗಾಳಿಯಲ್ಲಿ ಆರರಲ್ಲಿ ಸುಮಾರು ಐದು ಪಾಲು ಬೆಂಕಿಯ ಹತ್ತಿರವೂ ಸುಳಿಯದೆ ಸುತ್ತಿನಿಂದ ಹಾಯ್ದು ಹಿಂದಕ್ಕೆ ಹೋಗುತ್ತದೆ. ಸ್ವಲ್ಪ ಗಾಳಿಯನ್ನು ಸಿಕ್ಕಾಪಟ್ಟೆ ಜೋರಾಗಿ ಉಗುಳುವುದಕ್ಕಿಂತ ತುಂಬಾ ಗಾಳಿಯನ್ನು ನಿಧಾನವಾಗಿ ತಳ್ಳುವುದು ಲಾಭ. ಇಂಧನ ಉಳಿತಾಯ, ಸದ್ದೂ ಕಡಿಮೆ. ಇದಿಲ್ಲದೆ 300 ಟನ್ ದಾಟಿದ ವಿಮಾನವನ್ನು ಕಡಲಾಚೆಗೆ ಲಾಭದಲ್ಲಿ ಹಾರಿಸುವುದು ಕನಸಿನ ಮಾತು.

ಕಷ್ಟವೆಂದರೆ, ಜೋರು ಕೊಟ್ಟಾಗ ಎಂಜಿನ್ನಿನ ದುಂಡನೆಯ ಕವಚ ಮೊಟ್ಟೆಯಾಕಾರಕ್ಕೆ ತಿರುಗುತ್ತಿತ್ತು. ರಿಪೇರಿ ಮುಗಿಯಲಿಲ್ಲ, ವಿಮಾನಗಳು ಮಾತ್ರ ಸಾಲಾಗಿ ಹೊರಬರುತ್ತಿದ್ದವು. ಎವರೆಟ್‌ನಲ್ಲಿ ಹೊಚ್ಚಹೊಸ 747ಗಳು ನಿಂತಿದ್ದವು, ಎಂಜಿನ್ ಇರಬೇಕಾದ ಜಾಗದಲ್ಲಿ ತೂಕಕ್ಕಾಗಿ ಕಾಂಕ್ರೀಟ್ ದಿಮ್ಮಿ ನೇತುಹಾಕಿಕೊಂಡು. ಬೋಯಿಂಗ್ ತಲೆಯ ಮೇಲೆ ಆಗ ಬೆಟ್ಟದಂಥ ಸಾಲ.

ಮೊದಲ ಪ್ರಯಾಣದಲ್ಲೂ ಅದೇ ಗೋಳು. 1970ರ ಜನವರಿ 21ರ ಸಂಜೆ ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹೊರಡಬೇಕು. ಎಂಜಿನ್ ವಿಪರೀತ ಕಾದು ವಿಮಾನ ವಾಪಸ್ ಬಂತು. ಬೇರೆ 747 ತಂದು ಎಲ್ಲರನ್ನೂ ಹತ್ತಿಸಿ ಹೊರಟಾಗ ಆರು ಗಂಟೆಗೂ ಜಾಸ್ತಿ ತಡವಾಗಿ ತಾರೀಕೇ ಬದಲಾಗಿತ್ತು. ಬದಲಿಗೆ ಬಂದ ಆ ವಿಮಾನದ ಹೆಸರು 'ಕ್ಲಿಪ್ಪರ್ ವಿಕ್ಟರ್'. ಹೆಸರು ನೆನಪಿಟ್ಟುಕೊಳ್ಳಿ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ, ಮಂಜು ಮುಸುಕಿದ ರನ್‌ವೇ ಮೇಲೆ ಎರಡು 747ಗಳು ಡಿಕ್ಕಿಯಾಗಿ 583 ಜನ ಸತ್ತರು. ಆ ಎರಡರಲ್ಲಿ ಒಂದು ಇದೇ ಕ್ಲಿಪ್ಪರ್ ವಿಕ್ಟರ್. ದೊಡ್ಡ ವಿಮಾನ ಅಂದರೆ ದೊಡ್ಡ ಸಾವು ಅನ್ನುವ ಅಳುಕು ಮೊದಲಿನಿಂದಲೂ ಇತ್ತು. ಅದು ನಿಜವಾದದ್ದು ಆಕಾಶದಲ್ಲಲ್ಲ, ನೆಲದ ಮೇಲೆ.

ಒಳಗಿನ ವೈಭೋಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸೀಟು ತುಂಬದ ದಿನಗಳಲ್ಲಿ ಒಂದು ಕಂಪನಿ ಹಿಂದಿನ ಲೌಂಜಿನಲ್ಲಿ ಪಿಯಾನೋ ಕೂಡ ಇಟ್ಟಿತ್ತು ಅಂದರೆ ಸಾಕು. ಆಮೇಲೆ ಪಿಯಾನೋ ಹೋಯಿತು, ಸೀಟುಗಳು ಬಂದವು. ಟಿಕೆಟ್ ಅಗ್ಗವಾದದ್ದು ಸೀಟಿನಿಂದಲೇ ಹೊರತು ಪಿಯಾನೋದಿಂದಲ್ಲ, ಅಲ್ವಾ?

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಮ್ಮಲ್ಲಿ ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರೆ. ದೈತ್ಯ ವಿಮಾನಕ್ಕೆ ಆದದ್ದು ಅದೇ. ಎರಡೇ ಎಂಜಿನ್ ಇರುವ ವಿಮಾನ, ಒಂದು ಕೆಟ್ಟರೆ 60 ನಿಮಿಷದೊಳಗೆ ಇಳಿಯಲು ನಿಲ್ದಾಣ ಸಿಗುವ ದಾರಿಯಲ್ಲೇ ಹೋಗಬೇಕು ಅನ್ನುವ ನಿಯಮವಿತ್ತು. ಹಾಗಾಗಿ ಸಾಗರ ದಾಟಲು ಮೂರೋ ನಾಲ್ಕೋ ಎಂಜಿನ್ ಬೇಕಾಗುತ್ತಿತ್ತು. ಆದರೆ ಆ ದೊಡ್ಡ ಫ್ಯಾನಿನ ಎಂಜಿನ್ ಪಳಗುತ್ತಾ ಹೋಯಿತು, ಕೆಡುವುದು ಅಪರೂಪವಾಯಿತು. 1985ರಲ್ಲಿ 60 ನಿಮಿಷದ ಮಿತಿ 120ಕ್ಕೆ ಏರಿತು, ಮುಂದೆ ಇನ್ನೂ ಸಡಿಲವಾಯಿತು. ಇವತ್ತಿನ ಬೋಯಿಂಗ್ 777ರ ದೊಡ್ಡ ಮಾದರಿಗೆ ಇರುವುದು ಎರಡೇ ಎಂಜಿನ್. ಫ್ಯಾನಿನ ಅಗಲ 3.25 ಮೀಟರ್. ಮೊದಲ 747ರ ನಾಲ್ಕೂ ಎಂಜಿನ್ ಸೇರಿ ತಳ್ಳುತ್ತಿದ್ದದ್ದಕ್ಕಿಂತ ಜಾಸ್ತಿ ಬಲ ಈ ಎರಡರಲ್ಲೇ ಇದೆ. ಇನ್ನು ನಾಲ್ಕು ಎಂಜಿನ್ ಸಾಕುವವರು ಯಾರು?

ಟ್ರಿಪ್ ಕೇಳಿದ್ದ ಪೂರ್ತಿ ಡಬಲ್ ಡೆಕ್ಕರ್ ಕೊನೆಗೂ ಬಂತು, ಏರ್‌ಬಸ್ ಎ380. 2006ರ ಪರೀಕ್ಷೆಯಲ್ಲಿ ಅರ್ಧ ಬಾಗಿಲು ಮುಚ್ಚಿಟ್ಟೂ 873 ಜನ 78 ಸೆಕೆಂಡಿನಲ್ಲಿ ಹೊರಗೆ ಬಂದರು. ಸಟರ್ ಅವರ ಅಳುಕಿಗೆ ಉತ್ತರ ಸಿಕ್ಕಿತು, ಆದರೆ ಅಷ್ಟು ಸೀಟು ತುಂಬುವ ದಾರಿ ಎಲ್ಲರಿಗೂ ಸಿಗಲಿಲ್ಲ. 251 ಕಟ್ಟಿ 2021ಕ್ಕೆ ನಿಲ್ಲಿಸಿದರು. 747 ಮಾತ್ರ 1,574 ಹುಟ್ಟಿತು. ತಾತ್ಕಾಲಿಕ ಅಂತ ಮಾಡಿದ್ದು 50 ವರ್ಷ ದಾಟಿ ನಡೆಯಿತು, ಭವಿಷ್ಯ ಅಂದುಕೊಂಡಿದ್ದ ಕಾಂಕಾರ್ಡ್ 2003ಕ್ಕೇ ಮನೆ ಸೇರಿತು. ಇದನ್ನು ತಪ್ಪು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ. 2023ರ ಜನವರಿಯಲ್ಲಿ ಕೈಸೇರಿದ ಕಟ್ಟಕಡೆಯ 747 ಸರಕು ವಿಮಾನ. ಮೂತಿ ಮೇಲಕ್ಕೆ ತೆರೆದುಕೊಳ್ಳುವಂಥದ್ದೇ.

ನಿಮ್ಮ ನೋಟ್‌ಬುಕ್ ಇನ್ನೂ ಇದೆಯೇ? ಇದ್ದರೆ ಒಮ್ಮೆ ತೆಗೆದು ಡುಬ್ಬದ ಒಂದು ಬದಿಯ ಕಿಟಕಿ ಎಣಿಸಿ. ಬರೀ ಮೂರಿದ್ದರೆ ಅದು ತೀರಾ ಹಳೆಯ ಕಾಲದ ವಿಮಾನ. ಡುಬ್ಬವನ್ನು ಹಿಂದಕ್ಕೆ ಉದ್ದ ಎಳೆದಿದ್ದರೆ 1980ರ ದಶಕದ್ದೋ ಆಮೇಲಿನದೋ. ಒಂದು ಫೋಟೋ ಕಳಿಸಿಕೊಡಿ. ಪದಬಂಧದ ಜಾಗದಲ್ಲಿ ಹಾಕೋಣ.